ಕೋಸಂಬರಿಗೆ ಉಪ್ಪು ಕೊನೆಗೆ ಯಾಕೆ ಹಾಕ್ತೀವಿ? ಮೈಯೊಳಗಿನ ನೀರು-ಉಪ್ಪಿನ ಲೆಕ್ಕ

ಮೊದ್ಲು ಈ ತಟ್ಟೆ ನೋಡಿ. ಇದ್ರಲ್ಲಿ ಒಂದು ಸೌತೆಕಾಯಿ ಸಿಪ್ಪೆ ತೆಗ್ದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿಟ್ಟಿದೀನಿ. ಈಗ ಮೇಲೆ ಒಂದು ಚಮಚ ಪುಡಿಉಪ್ಪು ಉದುರಿಸ್ತಿದೀನಿ. ತಟ್ಟೆ ಇಲ್ಲೇ ಮೇಜಿನ ಮೇಲೆ ಇರ್ಲಿ, ಮುಂದಿನ ಸಾಲಲ್ಲಿ ಕೂತಿರೋ ಮಕ್ಕಳು ಆಗಾಗ ಒಂದು ಕಣ್ಣು ಹಾಯಿಸ್ತಿರಿ, ತಿನ್ಬೇಡಿ ಅಷ್ಟೇ.

ಅಡುಗೆ ಮಾಡೋರಿಗೆಲ್ಲ ಗೊತ್ತು, ಕೋಸಂಬರಿಗೆ ಉಪ್ಪನ್ನ ಬಡಿಸೋ ಹೊತ್ತಿಗೆ ಹಾಕ್ಬೇಕು. ಬೆಳಿಗ್ಗೆನೇ ಹಾಕಿಟ್ರೆ ಮಧ್ಯಾಹ್ನಕ್ಕೆ ಪಾತ್ರೆ ತಳದಲ್ಲಿ ನೀರು ನಿಂತು ಸೌತೆಕಾಯಿ ಮೆತ್ತಗಾಗಿರುತ್ತೆ. ಮಿಡಿ ಉಪ್ಪಿನಕಾಯಿ ಹಾಕೋ ಮನೆಯವರಿಗಂತೂ ಇನ್ನೂ ಚೆನ್ನಾಗಿ ಗೊತ್ತು, ಭರಣಿಗೆ ಒಂದು ಹನಿ ನೀರು ಸೋಕಿಸಿರಲ್ಲ, ಬರೀ ಮಿಡಿ ಮತ್ತೆ ಕಲ್ಲುಪ್ಪು, ಆದ್ರೂ ಸ್ವಲ್ಪ ದಿನ ಬಿಟ್ಟು ಮುಚ್ಚಳ ತೆಗೆದ್ರೆ ಮಿಡಿಗಳೆಲ್ಲ ಸುಕ್ಕುಗಟ್ಟಿ ಉಪ್ಪುನೀರಲ್ಲಿ ಮುಳುಗಿರ್ತವೆ. ಆ ನೀರು ಎಲ್ಲಿಂದ ಬಂತು? ಮಿಡಿ ಒಳಗಿಂದಾನೇ. ಉಪ್ಪು ಯಾವ ಕಡೆ ಜಾಸ್ತಿಯೋ ನೀರು ಆ ಕಡೆ ಹೋಗುತ್ತೆ. ನಾನು ಮೂವತ್ತು ವರ್ಷ ಫಿಸಿಯಾಲಜಿ ಪಾಠ ಮಾಡ್ದೋಳು, ಇವತ್ತು ಹೇಳೋದಿಷ್ಟೂ ಈ ಒಂದು ಮಾತಿನ ಸುತ್ತಾನೇ.

ಎಪ್ಪತ್ತು ಕೆಜಿ ತೂಕದ ಗಂಡಸನ್ನ ತಗೊಳ್ಳಿ, ಅವನ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತೆ. ಅಂದ್ರೆ ಎರಡು ದೊಡ್ಡ ವಾಟರ್ ಕ್ಯಾನ್‌ಗಿಂತ ಸ್ವಲ್ಪ ಜಾಸ್ತಿ. ಹೆಂಗಸರಲ್ಲಿ ತೂಕಕ್ಕೆ ಹೋಲಿಸಿದ್ರೆ ಸ್ವಲ್ಪ ಕಮ್ಮಿ, ವಯಸ್ಸಾದೋರಲ್ಲಿ ಇನ್ನೂ ಕಮ್ಮಿ, ಆಗ ತಾನೇ ಹುಟ್ಟಿದ ಮಗುವಲ್ಲಿ ಮಾತ್ರ ತೂಕದ ಮುಕ್ಕಾಲು ಪಾಲು ನೀರೇ. ಈ 42 ಲೀಟರ್ ಎಲ್ಲಿದೆ ಅಂತ ಕೇಳಿದ್ರೆ ಎಲ್ಲರೂ ರಕ್ತದಲ್ಲಿ ಅಂತಾರೆ, ನನ್ನ ಸ್ಟೂಡೆಂಟ್ಸೂ ಮೊದಲ ದಿನ ಹಾಗೇ ಹೇಳೋರು. ಅದು ತಪ್ಪು. 28 ಲೀಟರ್ ಜೀವಕೋಶಗಳ ಒಳಗಿದೆ, ಉಳಿದ 14ರಲ್ಲಿ ಬಹುಪಾಲು ಜೀವಕೋಶಗಳ ಸಂದಿಗೊಂದಿಯಲ್ಲಿದೆ, ರಕ್ತನಾಳದಲ್ಲಿ ಓಡಾಡೋ ಪ್ಲಾಸ್ಮಾ, ಅಂದ್ರೆ ರಕ್ತಕಣ ಬಿಟ್ಟು ಉಳಿದ ದ್ರವ, ಅಂತ ಸಿಗೋದು ಬರೀ ಮೂರು ಲೀಟರ್ ಚಿಲ್ಲರೆ. ನಾವು ಬ್ಲಡ್ ಟೆಸ್ಟ್ ಮಾಡಿಸಿ ನೋಡೋದು ಆ ಮೂರು ಲೀಟರನ್ನ ಮಾತ್ರ, ಮನೆ ಒಳಗೆ ಏನಾಗ್ತಿದೆ ಅಂತ ಜಗಲಿ ಮೇಲೆ ಕೂತು ಊಹೆ ಮಾಡ್ದಂಗೆ.

ಜೀವಕೋಶದ ಒಳಗಿನ ನೀರಿಗೂ ಹೊರಗಿನ ನೀರಿಗೂ ರುಚಿನೇ ಬೇರೆ ಅನ್ನಬಹುದು. ಹೊರಗಡೆ ಸೋಡಿಯಂ ರಾಜ, ರಿಪೋರ್ಟಲ್ಲಿ 135ರಿಂದ 145 ಅಂತ ಬರುತ್ತಲ್ಲ ಅದು. ಪೊಟ್ಯಾಸಿಯಂ ಹೊರಗಡೆ ಮೂರೂವರೆಯಿಂದ ಐದು ಅಷ್ಟೇ. ಒಳಗಡೆ ಪೂರ್ತಿ ಉಲ್ಟಾ, ಪೊಟ್ಯಾಸಿಯಂ ನೂರಾ ನಲವತ್ತರ ಆಸುಪಾಸು, ಸೋಡಿಯಂ ಹತ್ತು ಹನ್ನೆರಡು. ಬಿಟ್ರೆ ಎರಡೂ ಬೆರೆತು ಸಮ ಆಗಿಹೋಗ್ಬೇಕಲ್ವಾ? ಆಗಲ್ಲ, ಯಾಕಂದ್ರೆ ಪ್ರತಿ ಜೀವಕೋಶದ ಪೊರೆಯಲ್ಲೂ ಪಂಪುಗಳಿವೆ, ಮೂರು ಸೋಡಿಯಂ ಹೊರಗೆ ನೂಕು, ಎರಡು ಪೊಟ್ಯಾಸಿಯಂ ಒಳಗೆ ಎಳ್ಕೋ, ಮತ್ತೆ ಮೂರು ಹೊರಗೆ, ಎರಡು ಒಳಗೆ, ಹುಟ್ಟಿದಾಗಿಂದ ಸಾಯೋವರೆಗೂ ಇದೇ ಕೆಲಸ. ನೀವು ಸುಮ್ನೆ ಮಲಗಿದ್ದಾಗ ಖರ್ಚಾಗೋ ಶಕ್ತಿಯಲ್ಲಿ ದೊಡ್ಡ ಪಾಲೊಂದು ಈ ಪಂಪಿನ ಕರೆಂಟ್ ಬಿಲ್ಲೇ. ಇದನ್ನ ಕಂಡುಹಿಡಿದದ್ದು ಡೆನ್ಮಾರ್ಕಿನ ಯೆನ್ಸ್ ಸ್ಕೋ ಅನ್ನೋರು, ಏಡಿ ಕಾಲಿನ ನರಗಳನ್ನ ಅರೆದು ಅದರ ಮೇಲೆ ಪ್ರಯೋಗ ಮಾಡಿದ್ರು. ಪೇಪರ್ ಬಂದಿದ್ದು 1957ರಲ್ಲಿ, ನೊಬೆಲ್ ಸಿಕ್ಕಿದ್ದು 1997ರಲ್ಲಿ. ಸರಿಯಾಗಿ ನಲವತ್ತು ವರ್ಷ ಕಾಯಿಸಿದ್ರು ಪಾಪ.

ಇದೇ ಥರದ್ದು ಇನ್ನೊಂದು ಕಥೆ ಇದೆ, ವಿಷಯಕ್ಕೆ ಸ್ವಲ್ಪ ಅಡ್ಡದಾರಿ, ಆದ್ರೂ ಹೇಳ್ಬಿಡ್ತೀನಿ. 1880ರ ದಶಕದ ಲಂಡನ್, ಸಿಡ್ನಿ ರಿಂಗರ್ ಅನ್ನೋ ಡಾಕ್ಟರು ಕಪ್ಪೆ ಹೃದಯ ಹೊರಗೆ ತೆಗ್ದು ಉಪ್ಪುನೀರಲ್ಲಿ ಬಡಿಯೋ ಹಂಗೆ ಮಾಡ್ತಿದ್ರು, ಹೃದಯ ಗಂಟೆಗಟ್ಲೆ ಬಡಿಯೋದು. ಒಂದು ಸಲ ದ್ರಾವಣ ಹೊಸದಾಗಿ ಮಾಡಿದ್ರೆ ಹೃದಯ ನಿಂತೇ ಹೋಯ್ತು. ವಿಚಾರಿಸಿ ನೋಡಿದ್ರೆ ಮೊದ್ಲೆಲ್ಲ ಸಹಾಯಕ ಡಿಸ್ಟಿಲ್ಡ್ ವಾಟರ್ ಬದ್ಲು ನಲ್ಲಿ ನೀರು ಹಾಕ್ತಿದ್ದ! ನಲ್ಲಿ ನೀರಲ್ಲಿದ್ದ ಕ್ಯಾಲ್ಸಿಯಂನಿಂದಾನೇ ಹೃದಯ ಬಡಿದದ್ದು. ಕೆಲಸಗಳ್ಳತನದಿಂದ ಆದ ದೊಡ್ಡ ಸಂಶೋಧನೆ. ಆಸ್ಪತ್ರೆಯಲ್ಲಿ ನರ್ಸ್ ಆರ್‌ಎಲ್ ಹಾಕಿ ಅಂತಾರಲ್ಲ, ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್, ಅದು ಇದೇ ರಿಂಗರ್.

ಸರಿ, ಈ ಲೆಕ್ಕ ನೋಡ್ಕೊಳ್ಳೋರು ಯಾರು? ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಅಂತ ಇದೆ, ಅಲ್ಲಿ ಕೆಲವು ಜೀವಕೋಶಗಳಿಗೆ ರಕ್ತದ ಉಪ್ಪು ನೋಡೋದೇ ಡ್ಯೂಟಿ. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದ್ರೂ ಸಾಕು, ಆ ಜೀವಕೋಶಗಳ ನೀರು ಹೊರಗೆ ಹೋಗಿ ಅವು ಸೊರಗ್ತವೆ, ಥೇಟ್ ಈ ಸೌತೆಕಾಯಿ ಥರ, ಸೊರಗಿದ ತಕ್ಷಣ ಎರಡು ಕೆಲಸ ಮಾಡಿಸ್ತವೆ. ಒಂದು, ನಿಮಗೆ ಬಾಯಾರಿಕೆ ಹುಟ್ಟಿಸ್ತವೆ. ಇನ್ನೊಂದು, ಎಡಿಎಚ್ ಅನ್ನೋ ಹಾರ್ಮೋನ್ ಬಿಡಿಸಿ ಕಿಡ್ನಿಗೆ ನೀರು ಬಿಡಬೇಡ, ವಾಪಸ್ ಎಳ್ಕೋ ಅಂತ ಹೇಳಿಕಳಿಸ್ತವೆ. ಬಸ್ಸಲ್ಲಿ ಇಡೀ ದಿನ ನೀರು ಕುಡೀದೆ ಪ್ರಯಾಣ ಮಾಡಿದಾಗ ಉಚ್ಚೆ ಗಾಢ ಹಳದಿಯಾಗಿ ಬರುತ್ತಲ್ಲ, ಅದು ಎಡಿಎಚ್ ಕೆಲಸ. ಹೆಂಡ ಕುಡಿದೋರು ಪದೇ ಪದೇ ಎದ್ದು ಹೋಗೋದ್ಯಾಕೆ ಅಂದ್ರೆ ಆಲ್ಕೋಹಾಲ್ ಈ ಹಾರ್ಮೋನನ್ನೇ ತಡೆಯುತ್ತೆ, ಕುಡಿದಿದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿ ಬೆಳಿಗ್ಗೆ ನಾಲಿಗೆ ಅಂಟು. ಹಿಂದಿನ ಸಾಲಲ್ಲಿ ಯಾರೋ ನಗ್ತಿದಾರೆ, ಇರ್ಲಿ.

ಕಿಡ್ನಿ ಮಾಡೋ ಕೆಲಸ ನೋಡಿದ್ರೆ ಮೊದಲ ಸಲ ಯಾರಿಗಾದ್ರೂ ಇದೆಂಥ ಹುಚ್ಚು ಅನ್ಸುತ್ತೆ. ದಿನಕ್ಕೆ 180 ಲೀಟರ್ ಸೋಸುತ್ತೆ. ಇರೋದೇ ಮೂರು ಲೀಟರ್ ಪ್ಲಾಸ್ಮಾ, ಅಂದ್ರೆ ಅದನ್ನೇ ದಿನಕ್ಕೆ ಅರವತ್ತು ಸಲ! ಸೋಸಿ ಅದರಲ್ಲಿ ಶೇಕಡಾ 99 ವಾಪಸ್ ತಗೊಂಡು ಒಂದೂವರೆ ಲೀಟರ್ ಹೊರಗೆ ಬಿಡುತ್ತೆ. ಆ 180 ಲೀಟರ್ ಜೊತೆ ಸೋಸಿಹೋಗೋ ಉಪ್ಪು ಎಷ್ಟು ಅಂತ ಲೆಕ್ಕ ಹಾಕಿದ್ರೆ ಸುಮಾರು ಒಂದೂವರೆ ಕೆಜಿ ಆಗುತ್ತೆ, ಅದರಲ್ಲಿ ನೀವು ಆವತ್ತು ಊಟದಲ್ಲಿ ತಿಂದಷ್ಟು, ಎಂಟೋ ಹತ್ತೋ ಗ್ರಾಂ, ಅಷ್ಟನ್ನ ಮಾತ್ರ ಹೊರಗೆ ಬಿಟ್ಟು ಉಳಿದಿದ್ದನ್ನೆಲ್ಲ ಒಳಗೆ ಎತ್ತಿಡುತ್ತೆ. ಬೇಡದ್ದನ್ನ ಮಾತ್ರ ಆರಿಸಿ ಬಿಸಾಕಿದ್ರೆ ಸಾಕಲ್ವಾ ಅಂತ ಕೇಳ್ಬಹುದು. ಯುಗಾದಿಗೆ ಮನೆ ಕ್ಲೀನ್ ಮಾಡೋದು ನೆನಪಿಸ್ಕೊಳ್ಳಿ. ಮಂಚದ ಕೆಳಗಿಂದ ಕಸ ಹುಡುಕ್ತಾ ಕೂತ್ರೆ ಮುಗಿಯಲ್ಲ, ಸಾಮಾನೆಲ್ಲ ಎತ್ತಿ ಅಂಗಳಕ್ಕೆ ಹಾಕಿ ಬೇಕಾಗಿದ್ದನ್ನ ಮಾತ್ರ ಒಳಗೆ ತಗೊಂಡ್ರೆ ಉಳಿದಿದ್ದು ತಾನಾಗೇ ಕಸ. ಊಟದ ಜೊತೆ ಯಾವ ಹೊಸ ವಿಷ, ಯಾವ ಮಾತ್ರೆ ಬಂದ್ರೂ ಕಿಡ್ನಿಗೆ ಅದರ ಪರಿಚಯ ಬೇಕಾಗಿಲ್ಲ, ಪರಿಚಯ ಇರೋರನ್ನ ಮಾತ್ರ ಒಳಗೆ ಕರ್ಕೊಂಡ್ರೆ ಆಯ್ತು.

ಉಪ್ಪು ಎತ್ತಿಡೋಕೆ ಇನ್ನೊಂದು ಹಾರ್ಮೋನ್ ಇದೆ, ಆಲ್ಡೋಸ್ಟೆರಾನ್, ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಗ್ರಂಥಿಯಿಂದ ಬರುತ್ತೆ. ಇದರ ಕೈವಾಡ ಬೆವರಲ್ಲೂ ಇದೆ. ತಂಪು ಊರಿಂದ ರಾಯಚೂರು ಕಡೆಗೆ ಏಪ್ರಿಲಲ್ಲಿ ಕೆಲಸಕ್ಕೆ ಹೋದೋರ ಶರ್ಟ್ ಬೆನ್ನ ಮೇಲೆ ಸಂಜೆಗೆ ಬಿಳೀ ಬಿಳೀ ಉಪ್ಪಿನ ಗೆರೆ ಕೂತಿರುತ್ತೆ. ಅಲ್ಲೇ ಒಂದೆರಡು ವಾರ ಬಿಸಿಲಲ್ಲಿ ದುಡಿದ ಮೇಲೆ ಬೆವರು ಇನ್ನೂ ಜಾಸ್ತಿನೇ ಬರುತ್ತೆ, ಆದ್ರೆ ಅದರಲ್ಲಿ ಉಪ್ಪು ಕಮ್ಮಿಯಾಗಿರುತ್ತೆ, ಮೈ ಅಷ್ಟರಲ್ಲಿ ಉಪ್ಪು ಹಿಡಿದಿಟ್ಕೊಳ್ಳೋದು ಕಲ್ತಿರುತ್ತೆ. ಅದಕ್ಕೇ ಬಿಸಿಲಿನ ಕೆಲಸಕ್ಕೆ ಹೊಸಬರನ್ನ ಮೊದಲ ದಿನವೇ ಪೂರ್ತಿ ಹೊತ್ತು ನಿಲ್ಲಿಸಬಾರದು. ಮೇಸ್ತ್ರಿಗಳು ಯಾರಾದ್ರೂ ಇದ್ರೆ ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಈಗ ನಮ್ಮನೆ ವಿಷ್ಯ ಒಂದು ಹೇಳ್ತೀನಿ, ಹೇಳೋಕೆ ನಾಚಿಕೆ ಆಗುತ್ತೆ. ನಮ್ಮತ್ತೆಗೆ ಎಪ್ಪತ್ತೆಂಟು ವರ್ಷ, ಬಿಪಿಗೆ ಉಚ್ಚೆ ಜಾಸ್ತಿ ಮಾಡೋ ಮಾತ್ರೆ ತಗೋತಿದ್ರು. ಉಪ್ಪು ಕಮ್ಮಿ ಮಾಡಿ ಅಂತ ಯಾರೋ ಹೇಳಿದ್ರು, ಅತ್ತೆ ಹಟಮಾರಿ, ಪೂರ್ತಿ ಬಿಟ್ರು. ಹಲ್ಲಿಲ್ಲ ಅಂತ ಊಟಾನೂ ಕಮ್ಮಿ, ಬೆಳಿಗ್ಗೆ ರಾಗಿ ಗಂಜಿ ರಾತ್ರಿ ಅಕ್ಕಿ ಗಂಜಿ, ಎರಡೂ ಸಪ್ಪೆ. ಅದರ ಮೇಲೆ ಮೊಮ್ಮಗಳು ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ್ಲು, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದ್ರೆ ಮೈಯೊಳಗಿನ ಕಶ್ಮಲ ಎಲ್ಲ ಹೋಗುತ್ತಂತೆ. ಅತ್ತೆ ತಾಮ್ರದ ಚೊಂಬು ಪಕ್ಕದಲ್ಲಿಟ್ಕೊಂಡು ಶ್ರದ್ಧೆಯಿಂದ ಕುಡಿಯೋಕೆ ಶುರು ಮಾಡಿದ್ರು.

ಹತ್ತು ದಿನ ಆಗಿರ್ಬೇಕು, ಸುಸ್ತು ಅಂದ್ರು, ಬಿಸಿಲು ಅಂತ ಇನ್ನೊಂದು ಲೋಟ ನೀರು ಕೊಟ್ವಿ. ವಾಕರಿಕೆ ಅಂದ್ರು, ಪಿತ್ತ ಅಂದ್ಕೊಂಡ್ವಿ. ಮಾರನೇ ದಿನ ನನ್ನ ಗಂಡನ್ನ ಅವರ ತೀರಿಹೋದ ತಮ್ಮನ ಹೆಸರಲ್ಲಿ ಕರೆದು, ಎತ್ತಿಗೆ ಹುಲ್ಲು ಹಾಕಿದ್ಯೇನೋ ಅಂತ ಕೇಳಿದ್ರು. ಮನೆಯಲ್ಲಿ ಎತ್ತು ಮಾರಿ ಮೂವತ್ತು ವರ್ಷ. ವಯಸ್ಸಾಯ್ತು, ಅರಳುಮರಳು ಶುರುವಾಯ್ತು ಅಂತ ಎಲ್ಲರೂ ಮುಖ ಮುಖ ನೋಡ್ಕೊಂಡ್ವಿ. ನಾನೂ! ಮೂವತ್ತು ವರ್ಷ ಇದೇ ಪಾಠ ಹೇಳ್ದೋಳು ಎರಡು ದಿನ ಸುಮ್ನಿದ್ದೆ. ಕೊನೆಗೆ ರಕ್ತ ಕಳಿಸಿದ್ರೆ ಸೋಡಿಯಂ 114.

ಏನಾಗಿತ್ತು ಅಂದ್ರೆ, ಕಿಡ್ನಿ ಬರೀ ನೀರನ್ನ ಹೊರಗೆ ಹಾಕೋಕೆ ಆಗಲ್ಲ, ನೀರಿನ ಜೊತೆ ಸ್ವಲ್ಪ ಉಪ್ಪು, ಸ್ವಲ್ಪ ಯೂರಿಯಾ ಹೋಗ್ಲೇಬೇಕು. ತಿನ್ನೋದೇ ಸಪ್ಪೆ ಗಂಜಿ ಅಂದ್ರೆ ಅದು ಎಲ್ಲಿಂದ ಬರ್ಬೇಕು? ಮಾತ್ರೆ ಬೇರೆ ಸೋಡಿಯಂ ಹೊರಗೆ ತಳ್ತಿದೆ. ನೀರು ಒಳಗೇ ಉಳೀತು, ರಕ್ತ ತೆಳುವಾಯ್ತು, ಈಗ ಜೀವಕೋಶದ ಒಳಗೇ ಉಪ್ಪು ಜಾಸ್ತಿ ಅಂತಾಯ್ತು. ನೀರು ಆ ಕಡೆ ನುಗ್ತು. ಕಾಲು, ಕೈ ಉಬ್ಬಿದ್ರೆ ಜಾಗ ಇದೆ, ಮಿದುಳು ಉಬ್ಬಿದ್ರೆ ಸುತ್ತ ಬುರುಡೆ. ಅದಕ್ಕೇ ಎತ್ತು, ಹುಲ್ಲು, ತೀರಿಹೋದ ತಮ್ಮ.

ಆಸ್ಪತ್ರೆಯಲ್ಲಿ ನನ್ನ ಗಂಡ ಡಾಕ್ಟರ್ ಹತ್ರ, ಉಪ್ಪಲ್ವಾ ಕಮ್ಮಿಯಾಗಿರೋದು, ಇವತ್ತೇ ಏರಿಸಿ 140 ಮಾಡ್ಬಿಡಿ ಅಂತ ಗಲಾಟೆ. ಹಂಗೆ ಮಾಡಂಗಿಲ್ಲ. ಮಿದುಳಿನ ಜೀವಕೋಶಗಳು ಅಷ್ಟು ದಿನದಲ್ಲಿ ತಮ್ಮೊಳಗಿನ ಸಾಮಾನು ಹೊರಗೆ ಹಾಕಿ ಹೇಗೋ ಹೊಂದ್ಕೊಂಡಿರ್ತವೆ, ಹೊರಗಡೆ ದಿಢೀರಂತ ಉಪ್ಪು ಏರಿಸಿದ್ರೆ ನೀರೆಲ್ಲ ಹೊರಕ್ಕೆ ಬಂದು ನರಗಳ ಮೇಲಿನ ಹೊದಿಕೆನೇ ಹಾಳಾಗ್ಬಹುದು, ಮಾತು, ನಡಿಗೆ ಎಲ್ಲ ಹೋಗ್ಬಹುದು. ದಿನಕ್ಕೆ ಎಂಟು, ಹೆಚ್ಚಂದ್ರೆ ಹತ್ತು ಅಂಕಿ ಅಷ್ಟೇ ಏರಿಸಬೇಕು. ನಾಲ್ಕನೇ ದಿನ ಅತ್ತೆ ಎದ್ದು ಕೂತು, ಈ ಆಸ್ಪತ್ರೆ ಸಾರಿಗೆ ಉಪ್ಪೇ ಇಲ್ವಲ್ಲೇ ಅಂದ್ರು. ಆಮೇಲೆ ಬಿಪಿ ಮಾತ್ರೆ ಬದಲಾಯಿಸಿದ್ರು.

ಇದು ಮುದುಕರಿಗೆ ಮಾತ್ರ ಅಂದ್ಕೋಬೇಡಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ತೆಗೆದು ನೋಡಿದ್ರು, ನೂರಕ್ಕೆ ಹದಿಮೂರು ಜನಕ್ಕೆ ಸೋಡಿಯಂ ಕಮ್ಮಿ ಇತ್ತು. ಯಾರಿಗೆ ಅಂದ್ರೆ ಓಡ್ತಾ ಓಡ್ತಾ ಜಾಸ್ತಿ ನೀರು ಕುಡಿದು, ಶುರುವಲ್ಲಿದ್ದ ತೂಕಕ್ಕಿಂತ ಕೊನೆಯಲ್ಲಿ ತೂಕ ಏರಿಸ್ಕೊಂಡೋರಿಗೆ. ನಲವತ್ತೆರಡು ಕಿಲೋಮೀಟರ್ ಓಡಿ ತೂಕ ಏರೋದು ಅಂದ್ರೆ ಯೋಚನೆ ಮಾಡಿ.

ಈಗ ಇದರ ಉಲ್ಟಾ ಕೇಸು, ವಾಂತಿ ಭೇದಿ. ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗ್ಬಹುದು, ಅಕ್ಕಿ ತೊಳೆದ ನೀರಿನ ಥರ, ಅದರ ಜೊತೆ ಉಪ್ಪೂ ಹೋಗುತ್ತೆ. ರಕ್ತನಾಳದಲ್ಲಿರೋದು ಎಷ್ಟು ಅಂದೆ? ಮೂರು ಲೀಟರ್ ಚಿಲ್ಲರೆ. ಬೆಳಿಗ್ಗೆ ಚೆನ್ನಾಗಿದ್ದೋರು ಸಂಜೆಗೆ ಇಲ್ಲ ಅನ್ನೋದು ಅದಕ್ಕೇ. ಇಂಥೋರಿಗೆ ಬರೀ ನೀರು ಕುಡಿಸಿದ್ರೆ ನಿಲ್ಲಲ್ಲ, ಉಪ್ಪುನೀರು ಮಾತ್ರ ಕುಡಿಸಿದ್ರೂ ಸರಿಯಾಗಿ ಹತ್ತಲ್ಲ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಅದು ಸೋಡಿಯಂ ಮತ್ತು ಗ್ಲುಕೋಸ್ ಜೋಡಿಯಾಗಿ ಬಂದ್ರೆ ಮಾತ್ರ ತೆರೆಯುತ್ತೆ, ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ 1960ರಲ್ಲಿ ಹೇಳಿದ್ದು ಇದು. ಕಾಲರಾ ಬಂದಾಗ್ಲೂ ಈ ಬಾಗಿಲು ಕೆಡಲ್ಲ. ಸಕ್ಕರೆ ಉಪ್ಪನ್ನ ಕರ್ಕೊಂಡು ಒಳಗೆ ಹೋಗುತ್ತೆ, ಉಪ್ಪು ಹೋದ ಕಡೆ ನೀರು ಹೋಗುತ್ತೆ. ಓಆರ್‌ಎಸ್ ಅಂದ್ರೆ ಇಷ್ಟೇ.

1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಗಡಿ ಪಕ್ಕದ ಬನಗಾಂವ್‌ನಲ್ಲಿ ನಿರಾಶ್ರಿತರ ಕ್ಯಾಂಪು, ಕಾಲರಾ ಎದ್ದಿದೆ, ಆಸ್ಪತ್ರೆಯಲ್ಲಿ ಮಲಗೋಕೆ ನೆಲದಲ್ಲೂ ಜಾಗ ಇಲ್ಲ, ಡ್ರಿಪ್ ಬಾಟಲುಗಳು ಮುಗಿಯೋಕೆ ಬಂದಿವೆ. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ಅಳೆದು ಪ್ಯಾಕೆಟ್ ಮಾಡಿಸಿ, ಡ್ರಮ್ಮುಗಳಲ್ಲಿ ಕಲಸಿ, ಕಾಯಿಲೆಯವರ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂದ್ರು. ಆಗ ದೊಡ್ಡ ದೊಡ್ಡ ಡಾಕ್ಟರುಗಳಿಗೆ ಇದರ ಮೇಲೆ ನಂಬಿಕೆ ಇರ್ಲಿಲ್ಲ. ನೂರಕ್ಕೆ ಮೂವತ್ತು ಜನ ಸಾಯ್ತಿದ್ದ ಕಡೆ ಸಾವು ನಾಲ್ಕಕ್ಕಿಂತ ಕೆಳಗಿಳೀತು. ಅವರು 2022ರಲ್ಲಿ ತೀರ್ಕೊಂಡ್ರು, ಪದ್ಮವಿಭೂಷಣ ಬಂದಿದ್ದು ಅದಾದ್ಮೇಲೆ, 2023ರಲ್ಲಿ. ನಮ್ಮ ದೇಶದಲ್ಲಿ ಹೀಗೇ ಬಿಡಿ.

ಇಷ್ಟು ಒಳ್ಳೇ ಔಷಧಿನ ನಾವು ಕೆಡಿಸೋ ರೀತಿ ಹೇಳ್ತೀನಿ. ಒಂದು ಲೀಟರ್ ಪ್ಯಾಕೆಟ್ಟನ್ನ ಒಂದು ಲೋಟಕ್ಕೆ ಅರ್ಧ ಸುರಿದು, ಉಳಿದಿದ್ದನ್ನ ರಬ್ಬರ್‌ಬ್ಯಾಂಡ್ ಹಾಕಿ ಇಡ್ತೀವಿ. ಗಟ್ಟಿ ಇದ್ರೆ ಪವರ್ ಜಾಸ್ತಿ ಅನ್ನೋ ಲೆಕ್ಕ. ಹಂಗೆ ಮಾಡಿದ್ರೆ ಕರುಳಲ್ಲೇ ಉಪ್ಪು ಸಕ್ಕರೆ ಜಾಸ್ತಿಯಾಗಿ ನೀರು ಮೈಯಿಂದ ಕರುಳಿಗೆ ಬರುತ್ತೆ, ಭೇದಿ ಜಾಸ್ತಿ ಆಗುತ್ತೆ. ಅದಕ್ಕೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಫಾರ್ಮುಲಾನ ಇನ್ನೂ ತೆಳು ಮಾಡ್ತು, ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಮತ್ತೆ ಸಿಟ್ರೇಟ್. ಪ್ಯಾಕೆಟ್ ಮೇಲೆ 200 ಎಂಎಲ್ ಅಂತಿದೆಯೋ ಒಂದು ಲೀಟರ್ ಅಂತಿದೆಯೋ ನೋಡಿ ಅಷ್ಟಕ್ಕೇ ಕಲಸಿ. ಪ್ಯಾಕೆಟ್ ಸಿಗ್ಲಿಲ್ಲ ಅಂದ್ರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಗೋಪುರ ಮಾಡದೆ ಸಮ ಮಟ್ಟಕ್ಕೆ. ಉಪ್ಪು ಹಾಕಿದ ಗಂಜಿ ತಿಳಿಯೂ ಒಳ್ಳೇದೇ, ಅಕ್ಕಿ ಕರುಳಲ್ಲಿ ಕರಗಿ ಗ್ಲುಕೋಸೇ ಆಗೋದು. ಇನ್ನು ಅಂಗಡಿಯಲ್ಲಿ ಓಆರ್‌ಎಸ್ ಅಂತ ಹೆಸರಲ್ಲಿ ಸೇರಿಸ್ಕೊಂಡು ಬರ್ತಿದ್ದ ಜ್ಯೂಸ್ ಡಬ್ಬಿಗಳಿದ್ವಲ್ಲ, ಅವು ಬರೀ ಸಕ್ಕರೆ ಪಾನಕ, ಹೆಸರಲ್ಲಿ ಆ ಪದ ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡ್ತು.

ಹಾಗೇ ಗ್ಲುಕೋಸ್ ಬಾಟಲ್ ವಿಷ್ಯ. ಡಾಕ್ಟ್ರೇ ಸುಸ್ತು, ಒಂದು ಗ್ಲುಕೋಸ್ ಹಾಕ್ಬಿಡಿ ಅಂತೀರಲ್ಲ, ಆ ಅರ್ಧ ಲೀಟರ್ ಬಾಟಲಲ್ಲಿರೋದು 25 ಗ್ರಾಂ ಸಕ್ಕರೆ, ಹೆಚ್ಚೂಕಮ್ಮಿ ಎರಡು ಇಡ್ಲಿಯಷ್ಟು ಶಕ್ತಿ. ಬಾಯಲ್ಲಿ ತಿನ್ನೋಕಾದ್ರೆ ಇಡ್ಲಿಗೆ ಸೂಜಿ ಚುಚ್ಚಿಸ್ಕೋಬೇಕಾಗಿಲ್ಲ, ಚಟ್ನಿನೂ ಸಿಗುತ್ತೆ.

ಎಳನೀರು ಬಗ್ಗೆ ಯಾರೋ ಚೀಟಿ ಕಳ್ಸಿದಾರೆ. ಒಳ್ಳೇದು, ಬಿಸಿಲಿಗೆ ಕುಡೀರಿ, ಮದ್ದೂರಿನವರ ಹೊಟ್ಟೆ ಮೇಲೆ ಹೊಡಿಯೋಕೆ ನಾನು ಬಂದಿಲ್ಲ. ಆದ್ರೆ ಅದು ಓಆರ್‌ಎಸ್ ಅಲ್ಲ, ಅದರಲ್ಲಿ ಸೋಡಿಯಂ ತುಂಬಾ ಕಮ್ಮಿ, ಪೊಟ್ಯಾಸಿಯಂ ತುಂಬಾ ಜಾಸ್ತಿ, ಒಂದು ಎಳನೀರಲ್ಲಿ ಒಂದು ಬಾಳೆಹಣ್ಣಿಗಿಂತ ಜಾಸ್ತಿ ಇರುತ್ತೆ. ಕಿಡ್ನಿ ಚೆನ್ನಾಗಿದ್ರೆ ಸಂಜೆಯೊಳಗೆ ಹೊರಗೆ ಹಾಕುತ್ತೆ. ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಹೊರಗೆ ಹಾಕೋರು ಯಾರು? ರಕ್ತದಲ್ಲಿ ಪೊಟ್ಯಾಸಿಯಂ ಐದಿದ್ದಿದ್ದು ಏಳು ದಾಟಿದ್ರೆ ಹೃದಯ ಯಾವ ಗಳಿಗೆಯಲ್ಲಾದ್ರೂ ನಿಲ್ಲಬಹುದು, ನೋವು ಗೀವು ಏನೂ ಮುನ್ಸೂಚನೆ ಇಲ್ದೇನೂ ಇರ್ಬಹುದು. ಹಾಸ್ಪಿಟಲ್‌ಗೆ ಕಾಯಿಲೆ ನೋಡೋಕೆ ಹೋಗೋರು ಪ್ರೀತಿಯಿಂದ ಎರಡು ಎಳನೀರು ಹಿಡ್ಕೊಂಡು ಹೋಗ್ತೀರಿ, ಕಿಡ್ನಿ ವಾರ್ಡಿಗೆ ಮಾತ್ರ ಬೇಡ. ಬಿಪಿಯವರಿಗೆ ಅಂತ ಬರೋ ಕಮ್ಮಿ ಸೋಡಿಯಂ ಉಪ್ಪಲ್ಲೂ ಸೋಡಿಯಂ ಬದ್ಲು ಹಾಕಿರೋದು ಪೊಟ್ಯಾಸಿಯಮ್ಮೇ, ಕಿಡ್ನಿ ತೊಂದರೆ ಇದ್ರೆ ಡಾಕ್ಟರನ್ನ ಕೇಳದೆ ತರಬೇಡಿ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ, ದಿನಕ್ಕೆ ಎಷ್ಟು ಲೀಟರ್ ಮೇಡಂ? ಉಸಿರಲ್ಲಿ, ಚರ್ಮದಲ್ಲಿ ಗೊತ್ತಾಗದೆ ಆರಿಹೋಗೋದು ಮುಕ್ಕಾಲು ಲೀಟರ್ ಆಸುಪಾಸು, ಕಸ ಹೊರಗೆ ಹಾಕೋಕೆ ಕಿಡ್ನಿಗೆ ಕನಿಷ್ಠ ಅರ್ಧ ಲೀಟರ್ ಉಚ್ಚೆ ಬೇಕು, ಅದರ ಮೇಲೆ ಬೆವರು. ಅನ್ನ, ಸಾರು, ಮಜ್ಜಿಗೆ, ಹಣ್ಣು ಎಲ್ಲದರಲ್ಲೂ ನೀರಿದೆ. ಎಸಿ ರೂಮಲ್ಲಿ ಕೂತೋರಿಗೂ ಗಾರೆ ಕೆಲಸದೋರಿಗೂ ಒಂದೇ ನಂಬರ್ ಹೇಳೋಕೆ ಬರಲ್ಲ. ಆರೋಗ್ಯವಾಗಿರೋರಿಗೆ ಬಾಯಾರಿಕೆ ನಂಬಿಕಸ್ಥ ಗಡಿಯಾರ. ಮುದುಕರಲ್ಲಿ ಆ ಗಡಿಯಾರ ಸ್ವಲ್ಪ ನಿಧಾನ ಓಡುತ್ತೆ, ಮಗು ಬಾಯಿ ಬಿಟ್ಟು ಕೇಳಲ್ಲ, ಈ ಇಬ್ಬರಿಗೂ ನಾವೇ ನೆನಪು ಮಾಡಿ ಕೊಡ್ಬೇಕು. ಹೃದಯ, ಕಿಡ್ನಿ ತೊಂದರೆ ಇದ್ದು ಡಾಕ್ಟರು ಅಳತೆ ಹೇಳಿದ್ರೆ ಆ ಅಳತೆ. ಕಿಡ್ನಿಯಲ್ಲಿ ಕಲ್ಲಾಗಿದ್ದೋರು ಮಾತ್ರ ಬಾಯಾರಿಕೆಗೆ ಕಾಯದೆ ಜಾಸ್ತಿನೇ ಕುಡೀಬೇಕು.

ಎಲ್ಲಿ, ಆ ತಟ್ಟೆ ಕೊಡಿ. ನೋಡಿ, ಓರೆ ಮಾಡ್ತೀನಿ... ಚಮಚದಲ್ಲಿ ಅಳೀತೀನಿ, ಒಂದು, ಎರಡು, ಮೂರು, ನಾಲ್ಕು, ಐದನೇದು ಅರ್ಧ. ಬಿಲ್ಲೆ ಹಿಡಿದು ಮಡಚಿದ್ರೆ ಚರ್ಮದ ಥರ ಬಗ್ಗುತ್ತೆ, ಮುರಿಯಲ್ಲ. ಏನಮ್ಮ, ಮತ್ತೆ ಬರೀ ನೀರಲ್ಲಿ ಹಾಕಿದ್ರೆ ಗರಿಗರಿ ಆಗುತ್ತಾ ಅಂತಾನಾ? ಇಲ್ಲೇ ಲೋಟದಲ್ಲಿ ನೀರಿದೆ, ನಾಲ್ಕು ಬಿಲ್ಲೆ ತೊಳೆದು ಹಾಕಿಡು, ಊಟ ಆದ್ಮೇಲೆ ಬಂದು ಮುರಿದು ನೋಡಿ ನನಗೂ ಹೇಳು.